ಹೋಟೆಲಿನ ಸೊಸೆ ಮತ್ತು ಮಧ್ಯಾಹ್ನದ ಟೀವಿ

ಆ ಹೋಟೆಲಿನ ಯಾವ ರೂಮಿನಿಂದಲಾದರೂ ಸರಿ, ಫೋನು ಮಾಡಿ "ನೆಟ್ ಬರ್ತಾ ಇಲ್ಲ" ಅಂದರೆ ಕೌಂಟರಿನ ಹುಡುಗಿ ತಟ್ಟನೆ, "ಒಂದ್ನಿಮಿಷ ಸರ್, ಸೊಸೇನ ಕಳಿಸ್ತೀನಿ" ಅನ್ನುತ್ತಿದ್ದಳು. ಹೊಸದಾಗಿ ಬಂದ ಗಿರಾಕಿ ಗಲಿಬಿಲಿಗೊಂಡು, "ಯಾರ ಸೊಸೆ?" ಎಂದರೆ, "ನಮ್ಮದೇ ಸರ್" ಎಂಬ ಉತ್ತರ ಬರುತ್ತಿತ್ತು. ಗಿರಾಕಿ ಇನ್ನೇನು ಕೇಳುತ್ತಾನೆ? ಅಂಗಿಯ ಗುಂಡಿ ಹಾಕಿಕೊಂಡು, ಕೂದಲು ಸರಿ ಮಾಡಿಕೊಂಡು, ಯಾರದೋ ಮನೆಯ ಸೊಸೆ ಬರುತ್ತಾಳೆಂದು ಮರ್ಯಾದೆಯಿಂದ ಕಾಯುತ್ತಿದ್ದ. ಬರುತ್ತಿದ್ದವಳು ಮುಖ ಗಂಟಿಕ್ಕಿಕೊಂಡು, ಕಂಕುಳಲ್ಲಿ ಲ್ಯಾಪ್‌ಟಾಪು, ಹೆಗಲಿಗೆ ಕೇಬಲ್ಲಿನ ಸುರುಳಿ ಹಾಕಿಕೊಂಡ ಒಬ್ಬ ಹೆಂಗಸು.

ಅವಳು ಇಡೀ ಹೋಟೆಲಿಗೆ ಸೊಸೆಯಾದದ್ದು ಅವಳ ಅತ್ತೆಯಿಂದ. ಅತ್ತೆ ಅಲ್ಲಿ ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗದ ಯಜಮಾನಿ. ಹೋಟೆಲಿನ ಗೋಡೆಗೆ ಮೊದಲ ಸುಣ್ಣ ಬಳಿಯುವಾಗಲೇ ಸೇರಿದವಳು. "ನನ್ನ ಸೊಸೆ ಕಂಪ್ಯೂಟರ್ ಕಲ್ತಿದ್ದಾಳೆ, ಮನೇಲಿ ಸುಮ್ನೆ ಕೂತು ನನ್ನ ಮುಖ ನೋಡ್ತಾಳೆ, ಇಲ್ಲಿ ಏನಾದರೂ ಕೆಲಸ ಕೊಡಿ" ಎಂದು ಮ್ಯಾನೇಜರನ ಮುಂದೆ ನಿಲ್ಲಿಸಿದ್ದೇ ಅವಳು. ಅಂದಿನಿಂದ ಎಲ್ಲರ ಬಾಯಲ್ಲೂ ಸೊಸೆ. ಅವಳ ಗಂಡ ಅದೇ ಹೋಟೆಲಿನ ವ್ಯಾನು ಓಡಿಸುತ್ತಿದ್ದ. ಅವನೂ ಕೆಲಸದ ಹೊತ್ತಿನಲ್ಲಿ ಹೆಂಡತಿಯನ್ನು "ಸೊಸೆ, ಬಾ ಇಲ್ಲಿ" ಅಂದು, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ಅತ್ತೆಯ ಗುಣ ಒಂದು ಹೇಳಿಬಿಡಬೇಕು. ಜಗತ್ತಿನಲ್ಲಿ ಏನೂ ಮುದುಡಿರಬಾರದು, ಏನೂ ನೇತಾಡಬಾರದು. ಇದು ಅವಳ ಹಟ. ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರಿನಿಂದ ಅಂಗಿಯ ಚೀಟಿ ಹೊರಗೆ ಇಣುಕಿದ್ದರೆ ಕೈ ಹಾಕಿ ಒಳಗೆ ತಳ್ಳುವಳು. ಆತ ಹೌಹಾರಿ ತಿರುಗಿದರೆ, "ಕೂತ್ಕೊಳಪ್ಪ, ಈಗ ಸರಿಯಾಯ್ತು" ಎಂದು ಬೆನ್ನು ತಟ್ಟುವಳು. ಒಂದು ಭಾನುವಾರ ಸೊಸೆಯ ಚೀಲದಲ್ಲಿದ್ದ ಕೇಬಲ್ಲುಗಳನ್ನೆಲ್ಲ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಟವೆಲಿನ ಹಾಗೆ ನಾಲ್ಕಾಗಿ ಮಡಚಿ, ಮೇಲೆ ಇಟ್ಟಿಗೆ ಹೇರಿ ಇಟ್ಟಿದ್ದಳು. ಅರ್ಧಕ್ಕರ್ಧ ಕೇಬಲ್ಲು ಗೆರೆ ಬಿದ್ದು ಪ್ರಾಣ ಬಿಟ್ಟವು. ಆವತ್ತು ಮನೆಯಲ್ಲಿ ಆದ ಜಗಳದ ಕೊನೆಗೆ ಒಂದು ಕರಾರು ಹುಟ್ಟಿತು. ಸೊಸೆಯ ತಂತಿ ಸಾಮಾನು ಅತ್ತೆ ಮುಟ್ಟುವಂತಿಲ್ಲ, ಅತ್ತೆಯ ಇಸ್ತ್ರಿ ಮೇಜು ಸೊಸೆ ಮುಟ್ಟುವಂತಿಲ್ಲ. ಇಬ್ಬರೂ ಒಪ್ಪಿದರು. ನಡುವೆ ಸಾಕ್ಷಿಯಾಗಿ ನಿಂತ ಮಗರಾಯ, "ನಾನು ಡ್ರೈವರು, ನನಗೆ ರಸ್ತೆ ಮಾತ್ರ ಗೊತ್ತು" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಇನ್ನು ಆ ಹೋಟೆಲಿನ ಬಾವಿ. ನೀರಿನ ಬಾವಿಯಲ್ಲ. ಮೇಲಿನ ಮಹಡಿಯಿಂದ ನೆಲಮಾಳಿಗೆಯವರೆಗೆ ನೆಟ್ಟಗೆ ಇಳಿಯುವ ಒಂದು ತಗಡಿನ ಕೊಳವೆ. ಕೊಳೆ ಹಾಸಿಗೆ ಬಟ್ಟೆಯನ್ನು ಮಹಡಿಯ ಬಾಗಿಲಿನಿಂದ ಅದರೊಳಗೆ ತಳ್ಳಿದರೆ ಜರ್ರನೆ ಇಳಿದು ಅತ್ತೆಯ ಬುಟ್ಟಿಗೆ ಬೀಳುತ್ತಿತ್ತು. ಆದರೆ ಅದರಲ್ಲಿ ಬಟ್ಟೆಗಿಂತ ಹೆಚ್ಚಾಗಿ ಇಳಿಯುತ್ತಿದ್ದದ್ದು ಮಾತು. ಯಾವ ಮಹಡಿಯಲ್ಲಿ ಬಾಗಿಲು ತೆರೆದು ಕೂಗಿದರೂ ಎಲ್ಲ ಮಹಡಿಗೂ ಕೇಳುತ್ತಿತ್ತು. "ಮೂರನೇ ಮಹಡಿಗೆ ಸೋಪು ಕಳಿಸಿ" ಎಂದು ಶುರುವಾದದ್ದು, "ಅವನ ತಂಗಿ ಓಡಿಹೋದಳಂತೆ ಹೌದಾ" ಎನ್ನುವಲ್ಲಿಗೆ ನಿಲ್ಲುತ್ತಿತ್ತು. ಮೊದಲ ಮಹಡಿಯ ಬಾಗಿಲು ಮ್ಯಾನೇಜರನ ಕೋಣೆಯ ಗೋಡೆಯಲ್ಲೇ ಇದ್ದುದರಿಂದ ಅವನಿಗೂ ಬೇಡಬೇಡವೆಂದರೂ ಎಲ್ಲ ಗೊತ್ತಾಗುತ್ತಿತ್ತು.

ಸೊಸೆಯ ಕೋಣೆ ಮೆಟ್ಟಿಲ ಕೆಳಗೆ. ತಲೆ ಬಗ್ಗಿಸಿ ಒಳಗೆ ಹೋಗಬೇಕು. ಅಲ್ಲಿ ಒಂದು ಕುರ್ಚಿ, ಒಂದು ಮೇಜು, ಗೋಡೆಗೆ ಬಿಗಿದ ಒಂದು ತಗಡಿನ ಪೆಟ್ಟಿಗೆ. ಆ ಪೆಟ್ಟಿಗೆಗೆ ಸ್ವಿಚ್ ಎಂದು ಹೆಸರು. ದೀಪ ಹಾಕುವ ಸ್ವಿಚ್ಚಲ್ಲ, ಸಾಲುಸಾಲು ತೂತುಗಳಿರುವ ಪೆಟ್ಟಿಗೆ. ಎಲ್ಲ ರೂಮಿನ ಕೇಬಲ್ಲುಗಳೂ ಬಂದು ಅದಕ್ಕೇ ಸೇರಬೇಕು. ಪೆಟ್ಟಿಗೆಗೆ ಸೆಕೆಯಾಗಬಾರದೆಂದು ಗೋಡೆಯಲ್ಲಿ ಏಸಿ. ಪೆಟ್ಟಿಗೆಯ ದೆಸೆಯಿಂದ ಸೊಸೆಗೂ ತಂಪು. ಸೊಸೆಯ ದೆಸೆಯಿಂದ ಅತ್ತೆಗೂ ತಂಪು. ನೆಲಮಾಳಿಗೆಯಲ್ಲಿ ಇಸ್ತ್ರಿಯ ಹಬೆಗೆ ಬೆಂದು ಬರುವ ಅತ್ತೆ ಮಧ್ಯಾಹ್ನದ ಊಟದ ಡಬ್ಬಿಯನ್ನು ಅಲ್ಲೇ ತೆರೆಯುವಳು. ಆ ಹೊತ್ತಿಗೆ ಹಳೇ ಗಿರಾಕಿಗಳು ಹೋಗಿ ಹೊಸಬರು ಬರುವ ಸಮಯವಾದ್ದರಿಂದ ಸೊಸೆ ಲ್ಯಾಪ್‌ಟಾಪು ಎತ್ತಿಕೊಂಡು ಮಹಡಿ ಮಹಡಿ ಸುತ್ತುತ್ತಿದ್ದಳು.

ಇಷ್ಟಾದ ಮೇಲೆ ಕಷ್ಟದ ಕತೆಗೆ ಬರೋಣ.

ಕೆಲವು ವಾರಗಳಿಂದ ಹೋಟೆಲಿನ ಟೀವಿಗಳಿಗೆ ಮಧ್ಯಾಹ್ನದ ರೋಗ ಬಡಿದಿತ್ತು. ಬೆಳಿಗ್ಗೆ ಚೆನ್ನಾಗಿರುತ್ತಿದ್ದವು, ಸಂಜೆ ಚೆನ್ನಾಗಿರುತ್ತಿದ್ದವು. ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಎಲ್ಲ ರೂಮಿನ ಟೀವಿಗಳೂ ಒಟ್ಟಿಗೆ ಸೆಟೆದುಕೊಳ್ಳುತ್ತಿದ್ದವು. ಓಡುತ್ತಿದ್ದವನು ಒಂದು ಕಾಲು ಎತ್ತಿಕೊಂಡೇ ನಿಲ್ಲುವನು, ಅಳುತ್ತಿದ್ದವಳ ಕಣ್ಣೀರು ಕೆನ್ನೆಯ ನಡುವೆ ನಿಲ್ಲುವುದು. ಸ್ವಲ್ಪ ಹೊತ್ತಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುವವು.

ಮಿಕ್ಕ ಗಿರಾಕಿಗಳು ಬೈದುಕೊಂಡು ಹೊರಗೆ ಸುತ್ತಾಡಲು ಹೋಗುತ್ತಿದ್ದರು. ಎರಡನೇ ಮಹಡಿಯ ಸೀರಿಯಲ್ ತಾತ ಮಾತ್ರ ಬಿಡುವ ಪೈಕಿಯಲ್ಲ. ಆತ ತನ್ನ ಮನೆ ರಿಪೇರಿಯಾಗುವ ತನಕ ಎಂದು ಬಂದು ತಂಗಿದವನು. ಮನೆ ರಿಪೇರಿ ಮುಗಿದರೂ ಊಟ ರುಚಿಯಾಗಿದೆ ಎಂದು ಉಳಿದುಕೊಂಡವನು. ಅವನ ಪ್ರಾಣವೆಲ್ಲ ಮಧ್ಯಾಹ್ನದ ಒಂದು ಸೀರಿಯಲ್ಲಿನಲ್ಲಿ. ಸರಿಯಾಗಿ ಗುಟ್ಟು ಬಯಲಾಗುವ ಹೊತ್ತಿಗೆ ಟೀವಿ ನಿಂತರೆ, ಅವನು ಕೌಂಟರಿಗೆ ಫೋನು ಮಾಡಿ, "ನಿಮ್ಮ ಸೊಸೆಗೆ ಹೇಳಿ, ನಾನು ಸಾಯೋದ್ರೊಳಗೆ ಆ ಮಗು ಯಾರದು ಅಂತ ನನಗೆ ಗೊತ್ತಾಗಬೇಕು" ಎಂದು ಕಿರುಚುತ್ತಿದ್ದ.

ಒಂದು ದಿನ ಮ್ಯಾನೇಜರು ಸೊಸೆಯನ್ನು ಕರೆಸಿದ. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳಬೇಕಾದಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ಆವತ್ತು ಮುಚ್ಚಳ ಬಿಡುವಿಲ್ಲದೆ ಕುಣಿಯಿತು.

"ನೋಡಮ್ಮ ಸೊಸೆ, ಯಜಮಾನರು ಹೊರಗಿನ ಕಂಪನಿಯವರನ್ನ ಕರೆಸ್ತಿದ್ದಾರೆ. ಸೋಮವಾರ ಬರ್ತಾರೆ. ಅಷ್ಟರೊಳಗೆ ಸರಿ ಹೋಗಲಿಲ್ಲ ಅಂದ್ರೆ ನೆಟ್ಟು, ಟೀವಿ ಎಲ್ಲ ಅವರ ಕೈಗೆ."

"ಮತ್ತೆ ನಾನು?"

"ನಿನ್ನನ್ನ ಬೀದಿಗೆ ಬಿಡ್ತೀವಾ? ಕೌಂಟರಿಗೆ ಹಾಕ್ತೀವಿ. ಬಂದವರನ್ನ ನಗ್ತಾ ಕೂರಿಸೋದು, ಹೋಗೋರನ್ನ ನಗ್ತಾ ಕಳಿಸೋದು. ಆರಾಮದ ಕೆಲಸ."

ಸೊಸೆಗೆ ಆ ನಗುವೇ ಕಷ್ಟ. ಅವಳಿಗೆ ನಗು ಬರುವುದಿಲ್ಲವೆಂದಲ್ಲ. ಹೇಳಿದ ಹೊತ್ತಿಗೆ ಬರುವುದಿಲ್ಲ. ಹಿಂದೊಮ್ಮೆ ಕೌಂಟರಿನ ಹುಡುಗಿ ರಜೆ ಹಾಕಿದಾಗ ಅರ್ಧ ದಿನ ನಿಂತಿದ್ದಳು. ಅವಳು ಶಕ್ತಿ ಮೀರಿ ನಕ್ಕಿದ್ದನ್ನು ನೋಡಿ ಒಬ್ಬ ಗಿರಾಕಿ, "ಅಮ್ಮಾ, ಹಲ್ಲು ನೋವಾ? ಲವಂಗ ಇಟ್ಕೊಳ್ಳಿ" ಅಂದ. ಇನ್ನೊಬ್ಬ ರೂಮು ನೋಡದೆಯೇ ಹೊರಟುಹೋದ. ಮೆಟ್ಟಿಲ ಕೆಳಗಿನ ಆ ಬಗ್ಗಿದ ಕೋಣೆಯಲ್ಲಿ, ಯಾರಿಗೂ ಮುಖ ತೋರಿಸದೆ, ಪೆಟ್ಟಿಗೆಯ ಹಸಿರು ದೀಪಗಳನ್ನು ನೋಡುತ್ತ ಕೂರುವುದೇ ಅವಳಿಗೆ ಸುಖ. ಅದು ಕೈತಪ್ಪಿದರೆ ಬದುಕಿಡೀ ಲವಂಗವೇ ಗತಿ.

ಅವಳ ಬಳಿ ಇದ್ದ ಆಯುಧ ಒಂದು ಚಿಕ್ಕ ಪ್ರೋಗ್ರಾಂ. ಬಣ್ಣವಿಲ್ಲ, ಚಿತ್ರವಿಲ್ಲ. ಕಪ್ಪು ಪರದೆ, ಅದರಲ್ಲಿ ಒಂದು ಸಾಲು ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಬೇಕು. ಒಂದು ಕಡೆ ಕೂತು ಕಳಿಸುವುದು, ಇನ್ನೊಂದು ಕಡೆ ಕೂತು ಕೇಳಿಸಿಕೊಳ್ಳುವುದು. ಕಳಿಸುವವಳು ಒಬ್ಬಳು ಸಾಕು. ಕೇಳಿಸಿಕೊಳ್ಳಲು ಜನ ಬೇಕು. ಅದಕ್ಕೆ ಕೌಂಟರಿನ ಲ್ಯಾಪ್‌ಟಾಪು ಅಡುಗೆಯವನಿಗೆ, ಮ್ಯಾನೇಜರನ ಲ್ಯಾಪ್‌ಟಾಪು ಮೂರನೇ ಮಹಡಿಯ ಅಕ್ಕನಿಗೆ ಕೊಟ್ಟಳು. ಆ ಅಕ್ಕ ಮೂರನೇ ಮಹಡಿಯ ರೂಮುಗಳನ್ನು ಗುಡಿಸಿ ಒರೆಸುವವಳು. ಅವಳ ಕಿವಿಗೆ ಬೀಳದ ಸುದ್ದಿ ಆ ಹೋಟೆಲಿನಲ್ಲಿ ಹುಟ್ಟಿರಲಿಲ್ಲ.

"ಇದ್ಯಾಕೆ ಕಪ್ಪಗಿದೆ? ಕೆಟ್ಟೋಗಿದೆಯಾ?" ಅಂದಳು ಅಕ್ಕ.

"ಇದು ಇರೋದೇ ಹೀಗೆ ಅಕ್ಕ. ಕೇಳಿ ಇಲ್ಲಿ. ಬಾವಿಯಲ್ಲಿ ಕೂಗಿದರೆ ಯಾರಿಗೆ ಕೇಳುತ್ತೆ?"

"ಎಲ್ಲರಿಗೂ. ಬೇಡದೋರಿಗೂ."

"ಅದಕ್ಕೆ ಬ್ರಾಡ್‌ಕಾಸ್ಟ್ ಅಂತಾರೆ. ಒಂದು ಮಿಷನ್ನು ಕೂಗಿದರೆ ಈ ಪೆಟ್ಟಿಗೆಗೆ ಸೇರಿರೋ ಎಲ್ಲ ಮಿಷನ್ನೂ ಕೇಳಲೇಬೇಕು. ಮಲ್ಟಿಕಾಸ್ಟ್ ಅಂತ ಇನ್ನೊಂದಿದೆ. ಅದು ‘ನನಗೂ ಬೇಕು’ ಅಂತ ಮೊದಲೇ ಕೈ ಎತ್ತಿ ಗುಂಪಿಗೆ ಸೇರಿದವರಿಗೆ ಮಾತ್ರ. ಒಂದೇ ಸಲ ಹೇಳೋದು, ಕೈ ಎತ್ತಿದವರಿಗೆಲ್ಲ ಮುಟ್ಟೋದು. ನಮ್ಮ ಟೀವಿಗಳಿಗೆ ಚಾನೆಲ್ ಹೋಗೋದು ಹಾಗೇ."

ಅಡುಗೆಯವ ಸೌಟು ಕೆಳಗಿಟ್ಟು ಯೋಚಿಸಿದ. "ಚಾಡಿ ಹೇಳ್ತಾರಲ್ಲ, ಹಾಗೆ ಅನ್ನು."

"ಹೂಂ, ಚಾಡಿ ಹೇಳೋ ಹಾಗೇ ಅಣ್ಣ. ಈಗ ನಾನು ನಂಬರ್ ಹಾಕಿ ಹಾಕಿ ಪ್ಯಾಕೆಟ್, ಅಂದ್ರೆ ಮಾತಿನ ಚೂರು, ಕಳಿಸ್ತೀನಿ. ಮಧ್ಯೆ ಒಂದು ಕಳೆದುಹೋದರೂ ಈ ಸಾಲಿನ ಕೊನೇಲಿರೋ ಸೊನ್ನೆ ಹೋಗಿ ಬೇರೆ ಅಂಕಿ ಬರುತ್ತೆ. ಬಂದ ತಕ್ಷಣ ಬಾವಿಗೆ ಬಾಯಿಟ್ಟು ಕೂಗಿ."

ಕೂಗಬೇಕಾದದ್ದು ಸೊನ್ನೆ ಹೋದಾಗ. ಆದರೆ ಉತ್ಸಾಹ ನೋಡಿ, ಇಬ್ಬರೂ ಸೊನ್ನೆ ಬಂದಾಗಲೂ ಕೂಗತೊಡಗಿದರು. ಮಧ್ಯಾಹ್ನ ಸೊಸೆ ತನ್ನ ಕೋಣೆಯಲ್ಲಿ ಕೂತು ಎಂಟರ್ ಒತ್ತಿದ್ದೇ ತಡ, ಬಾವಿಯ ತುಂಬ ಅದೇ ಮಂತ್ರ.

"ಸೊನ್ನೆ!" ಮೂರನೇ ಮಹಡಿಯಿಂದ.

"ಇಲ್ಲೂ ಸೊನ್ನೆ!" ಅಡುಗೆಮನೆಯಿಂದ.

"ಸೊನ್ನೆ! ಸೊನ್ನೆ!"

"ಸೊನ್ನೆ... ಅಯ್ಯೋ ಈರುಳ್ಳಿ ಸೀದೋಯ್ತು... ಸೊನ್ನೆ!"

ನಾಲ್ಕನೇ ಮಹಡಿಯಲ್ಲಿ ಯಾವುದೋ ಪರೀಕ್ಷೆ ಬರೆಯಲೆಂದು ಬಂದು ತಂಗಿದ್ದವನೊಬ್ಬನಿದ್ದ. ಗೋಡೆಯೊಳಗಿನಿಂದ ಯಾರೋ ಬಿಡದೆ ಸೊನ್ನೆ ಸೊನ್ನೆ ಎಂದು ಕೂಗುವುದು ಕೇಳಿ ಅವನ ಮುಖ ಬಿಳಿಚಿಕೊಂಡಿತು. ಕೌಂಟರಿಗೆ ಇಳಿದು ಬಂದು, "ನಿಮ್ಮ ಹೋಟೆಲಿಗೆ ನನ್ನ ವಿಷಯ ಹೇಗೆ ಗೊತ್ತಾಯ್ತು?" ಎಂದು ಕೇಳಿ, ರೂಮು ಖಾಲಿ ಮಾಡಿದ.

ಅತ್ತೆ ಎಂದಿನಂತೆ ಡಬ್ಬಿ ಹಿಡಿದು ಬಂದು, ಸೊಸೆಯ ಪಕ್ಕದಲ್ಲೇ ನೆಲದ ಮೇಲೆ ಕೂತು ಊಟ ಮುಗಿಸಿದಳು. ಅಷ್ಟು ಹೊತ್ತೂ ಟೀವಿಗಳು ಗಂಗಾಳದಂತೆ ಹೊಳೆಯುತ್ತ ಓಡಿದವು. ಸೀರಿಯಲ್ ತಾತನಿಂದ ಒಂದು ಫೋನೂ ಇಲ್ಲ. ಸೊಸೆ ಬ್ರಾಡ್‌ಕಾಸ್ಟ್ ಮಾಡಿ ನೋಡಿದಳು, ಎಲ್ಲ ಮಿಷನ್ನುಗಳೂ ವಿಧೇಯವಾಗಿ ಓಗೊಟ್ಟವು. ಮಲ್ಟಿಕಾಸ್ಟ್ ಮಾಡಿ ನೋಡಿದಳು, ಒಂದು ಪ್ಯಾಕೆಟ್ಟೂ ಕಳೆಯಲಿಲ್ಲ.

"ಎಲ್ಲ ಚೆನ್ನಾಗಿದೆಯಲ್ಲೇ, ಮತ್ತೇನು ನಿನ್ನ ಗೋಳು?" ಅಂದಳು ಅತ್ತೆ, ಡಬ್ಬಿಯ ಮುಚ್ಚಳ ಒತ್ತುತ್ತ.

"ಅದೇ ಅತ್ತೆ ಗೋಳು. ನಾನು ನೋಡ್ತಾ ಕೂತರೆ ಕೆಡಲ್ಲ. ಎದ್ದು ಹೋದರೆ ಕೆಡುತ್ತೆ."

"ಮಕ್ಕಳೂ ಹಾಗೇ ಕಣೆ. ನಿನ್ನ ಗಂಡ ಚಿಕ್ಕೋನಿದ್ದಾಗ..." ಎಂದು ಅತ್ತೆ ಶುರು ಮಾಡಿದಳು.

ಮರುದಿನವೂ ಅದೇ ಹಾಡು. ಸೊಸೆ ಕೂತಳು, ಸೊನ್ನೆ ಬಂತು. ಶುಕ್ರವಾರ ಬೇರೆ ಕೆಲಸಕ್ಕೆಂದು ಲ್ಯಾಪ್‌ಟಾಪು ಎತ್ತಿಕೊಂಡು ಮೇಲೆ ಹೋದಳು, ಟೀವಿಗಳು ಸೆಟೆದುಕೊಂಡವು. ಮ್ಯಾನೇಜರನ ಪೆನ್ನಿನ ಮುಚ್ಚಳ ಮತ್ತೆ ಕುಣಿಯಿತು. "ನಾಳೆ ಒಂದು ದಿನ ಉಳಿದಿದೆಯಮ್ಮ, ಭಾನುವಾರ ನಿನಗೆ ರಜೆ" ಅಂದ.

ಆ ಸಂಜೆ ಮನೆಯಲ್ಲಿ ಸೊಸೆ ತಟ್ಟೆಯ ಮುಂದೆ ಕೂತು ಊಟ ಕೆದಕುತ್ತಿದ್ದಳು. ಗಂಡ ಸಮಾಧಾನ ಹೇಳಲು ಹೋಗಿ, "ಕೌಂಟರು ಅಂದ್ರೆ ಕೂತು ಮಾಡೋ ಕೆಲಸ..." ಎಂದು ಬಾಯಿ ತೆರೆದ. ಅವಳು ನೋಡಿದ ನೋಟಕ್ಕೆ ಬಾಯಿ ಮುಚ್ಚಿದ.

"ವ್ಯಾನು ಹೀಗೆ ಕೈ ಕೊಟ್ಟರೆ ನೀವು ಏನು ಮಾಡ್ತೀರಿ?" ಎಂದು ಕೇಳಿದಳು.

"ನಾನು ಓಡಿಸೋವಾಗ ಬರದ ಸದ್ದು ಬೇರೆಯವರು ಓಡಿಸೋವಾಗ ಬರ್ತಿದೆ ಅಂದ್ರೆ, ಅವರ ಕೈಗೆ ಸ್ಟಿಯರಿಂಗ್ ಕೊಟ್ಟು ನಾನು ಹಿಂದೆ ಕೂರ್ತೀನಿ."

ಸೊಸೆ ತಲೆಯೆತ್ತಿ ಗಂಡನನ್ನು ನೋಡಿದಳು. ಮದುವೆಯಾದ ಮೇಲೆ ಆತ ಆಡಿದ ಅತಿ ಉಪಯೋಗದ ಮಾತು ಅದು ಎಂದು ಆಮೇಲೆ ಎಲ್ಲರ ಮುಂದೂ ಹೇಳುತ್ತಿದ್ದಳು. ಅವನು ಇಂದಿಗೂ ಅದಕ್ಕೆ ಉಬ್ಬುತ್ತಾನೆ.

ಶನಿವಾರ ಅವಳು ತಾನು ಕಳಿಸುವ ಜಾಗ ಬಿಟ್ಟಳು. ಕೌಂಟರಿನ ಲ್ಯಾಪ್‌ಟಾಪನ್ನು ಕೌಂಟರಿನಲ್ಲೇ ಇಟ್ಟು, ಪ್ಯಾಕೆಟ್ ಕಳಿಸುವ ಕೆಲಸ ಅದಕ್ಕೆ ಒಪ್ಪಿಸಿದಳು. ತನ್ನ ಲ್ಯಾಪ್‌ಟಾಪು ಬಿಚ್ಚಿಕೊಂಡು ಎರಡನೇ ಮಹಡಿಗೆ ಹತ್ತಿ, ಸೀರಿಯಲ್ ತಾತನ ಬಾಗಿಲು ತಟ್ಟಿದಳು.

"ತಾತ, ಇವತ್ತು ನಾನೂ ನಿಮ್ಮ ಜೊತೆ ಸೀರಿಯಲ್ ನೋಡ್ತೀನಿ."

"ಬಾ ಮಗಳೇ ಬಾ. ಮಧ್ಯೆ ಮಾತಾಡಬಾರದು. ಕೆಮ್ಮಬಾರದು."

ಟೀವಿಯ ಹಿಂದಿನ ಕೇಬಲ್ ತೂತಿಗೆ ಲ್ಯಾಪ್‌ಟಾಪು ಸೇರಿಸಿ, ಕಮಾಂಡ್ ಹಾಕಿ, ಸೊಸೆ ಹಾಸಿಗೆಯ ಅಂಚಿಗೆ ಕೂತಳು. ಸೊನ್ನೆ, ಸೊನ್ನೆ, ಸೊನ್ನೆ. ಸೀರಿಯಲ್ಲಿನಲ್ಲಿ ಜರಿಸೀರೆಯುಟ್ಟ ಒಬ್ಬಳು ಕೋಣೆಯ ನಡುವೆ ನಿಂತು, ಸುತ್ತ ನಿಂತ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ದಿಟ್ಟಿಸಿ, "ಈ ಮಗುವಿನ ತಂದೆ ಯಾರು ಗೊತ್ತಾ? ಅವನು ಬೇರೆ ಯಾರೂ ಅಲ್ಲ, ಅವನು..." ಎಂದು ಬಾಯಿ ತೆರೆದವಳು ತೆರೆದೇ ಇದ್ದಳು.

"ಹೇಳೇ!" ತಾತ ಕುರ್ಚಿಯಿಂದೆದ್ದ. "ಹೇಳೇ, ಯಾರೇ ಅವನು! ಬಾಯಲ್ಲಿದ್ದದ್ದು ಉಗುಳೇ!" ಟೀವಿಯ ಎರಡು ಕಿವಿ ಹಿಡಿದು ಅಲುಗಿಸಿದ.

ಸೊಸೆ ಟೀವಿ ನೋಡಲಿಲ್ಲ. ಅವಳ ಕಣ್ಣು ಕಪ್ಪು ಪರದೆಗೆ ಅಂಟಿತ್ತು. ಪ್ಯಾಕೆಟ್ಟು ಕಳೆದುಹೋಗುತ್ತದೆ ಎಂದಲ್ಲವೆ ಇಷ್ಟು ದಿನ ಕಾದಿದ್ದು? ಇಲ್ಲಿ ನೋಡಿದರೆ ಬೇಡವೆಂದರೂ ಬರುತ್ತಿದ್ದವು. ಒಮ್ಮೆ ಬಂದ ನಂಬರು ಮತ್ತೆ ಬಂತು, ಮತ್ತೆ ಬಂತು, ಅದೇ ನಂಬರು ಸಾಲುಗಟ್ಟಿ ಬಂತು. ಒಂದು ಸಲ ಕರೆದ ನೆಂಟ ಹೋಗಿ ಹೋಗಿ ಮತ್ತೆ ಬಾಗಿಲು ತಟ್ಟಿದ ಹಾಗೆ. ಬ್ರಾಡ್‌ಕಾಸ್ಟ್ ಕಡೆ ಕಿವಿ ಕೊಟ್ಟಳು. ಯಾವುದೋ ಪ್ರಿಂಟರು ಒಂದೇ ಒಂದು ಸಲ "ಈ ವಿಳಾಸ ಯಾರದು?" ಎಂದು ಕೇಳಿದ್ದ ಪ್ರಶ್ನೆ ಹೋಟೆಲಿಡೀ ಗಿರಗಿರನೆ ಸುತ್ತುತ್ತಿತ್ತು. ಟೀವಿಗೆ ಹೋಗಬೇಕಾದ ಚಿತ್ರಕ್ಕೆ ಆ ನೂಕುನುಗ್ಗಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಅಂದರೆ ದಾರಿ ಎಲ್ಲೋ ಸುತ್ತಿಕೊಂಡು ತನ್ನ ಬಾಲ ತಾನೇ ಹಿಡಿದಿದೆ. ಒಂದೇ ಕೇಬಲ್ಲಿನ ಎರಡು ತುದಿಯೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಹೀಗಾಗುತ್ತದೆ. ಪೆಟ್ಟಿಗೆ ಇರುವುದು ತನ್ನ ಕೋಣೆಯಲ್ಲಿ.

ಲ್ಯಾಪ್‌ಟಾಪು ಅಲ್ಲೇ ಬಿಟ್ಟು ಸೊಸೆ ಮೆಟ್ಟಿಲು ಇಳಿದಳು ಅನ್ನುವುದಕ್ಕಿಂತ ಉರುಳಿದಳು ಅನ್ನಬಹುದು. ಕೋಣೆಯ ಬಾಗಿಲು ತಳ್ಳಿದಳು. ಅತ್ತೆ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು, ಏಸಿಯ ಗಾಳಿಗೆ ಮುಖವೊಡ್ಡಿ ತುತ್ತು ಅಗಿಯುತ್ತಿದ್ದಳು. ಸೊಸೆಯ ಲ್ಯಾಪ್‌ಟಾಪಿಗೆಂದು ಪೆಟ್ಟಿಗೆಯಿಂದ ಇಳಿಬಿಟ್ಟಿದ್ದ ನೀಲಿ ಕೇಬಲ್ಲು ನೇತಾಡುತ್ತಿರಲಿಲ್ಲ. ಅದರ ಬಿಡುತುದಿ ಅಚ್ಚುಕಟ್ಟಾಗಿ ಮೇಲಕ್ಕೆ ತಿರುಗಿ, ಅದೇ ಪೆಟ್ಟಿಗೆಯ ಖಾಲಿ ತೂತಿನಲ್ಲಿ ಕೂತಿತ್ತು.

"ಅತ್ತೆ."

"ಊಟ ಆಯ್ತಾ?"

"ಆ ನೀಲಿ ಕೇಬಲ್ಲು ಅಲ್ಲಿಗೆ ಯಾರು ಹಾಕಿದ್ದು?"

ಅತ್ತೆಯ ದವಡೆ ನಿಂತಿತು. "ಯಾವ ನೀಲಿ?"

"ಅತ್ತೆ!"

"ಲೇ, ನೇತಾಡ್ತಿತ್ತು ಕಣೆ! ತುತ್ತು ಎತ್ತಿದರೆ ಮೂಗಿನ ಮುಂದೆ ತೂಗುತ್ತೆ, ಬಗ್ಗಿದರೆ ಡಬ್ಬಿಯೊಳಗೆ ಬಾಲ ಅದ್ದುತ್ತೆ. ಎಷ್ಟು ಅಂತ ತಡ್ಕೊಳ್ಳಲಿ? ಪಕ್ಕದಲ್ಲೇ ತೂತು ಖಾಲಿ ಇತ್ತು. ಹಾಕಿದೆ, ಟಕ್ ಅಂತ ಕೂತ್ಕೊಳ್ತು. ಅದರ ಜಾಗ ಅಲ್ಲದಿದ್ರೆ ಅಷ್ಟು ಚೆನ್ನಾಗಿ ಕೂರುತ್ತಾ?"

"ದಿನಾ ಹಾಕ್ತೀರಾ?"

"ದಿನಾ ತೆಗೆದೂ ಇಡ್ತೀನಿ!" ಅತ್ತೆ ರೇಗಿದಳು. "ಊಟ ಆದ ಮೇಲೆ ಮೊದಲು ಹೇಗಿತ್ತೋ ಹಾಗೇ ನೇತುಹಾಕಿ ಹೋಗ್ತೀನಿ. ನಿನ್ನ ಸಾಮಾನು ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೀನಲ್ಲ. ಮುಟ್ಟಿದ್ದು ನಿನಗೆ ಗೊತ್ತಾಗಬಾರದು ಅಂತ ಎಷ್ಟು ನಾಜೂಕಾಗಿ ತೆಗೀತೀನಿ ಗೊತ್ತಾ?"

ಸೊಸೆ ಕೈ ಚಾಚಿ ಕೇಬಲ್ಲು ಎಳೆದಳು. ಎರಡನೇ ಮಹಡಿಯಿಂದ ತಾತನ ಕೂಗು ಮೆಟ್ಟಿಲಿಳಿದು ಬಂತು: "ಜಾಹೀರಾತು ಬಂದ್ಬಿಡ್ತು! ಹೇಳಿ ಮುಗಿಸಿದಳಂತೆ! ಅಯ್ಯೋ!"

ವಿಷಯ ಬಿಡಿಸಿ ಹೇಳಿದಾಗ ಅತ್ತೆ ಡಬ್ಬಿ ಮುಚ್ಚಿ ಪೆಟ್ಟಿಗೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಷ್ಟು ದೊಡ್ಡ ಹೋಟೆಲಿನ ಟೀವಿಗಳನ್ನೆಲ್ಲ ನಿಲ್ಲಿಸಿದ್ದು ನಾನಾ?" ಅಂದಳು. ದನಿಯಲ್ಲಿ ಅರ್ಧ ಅಳುಕು, ಅರ್ಧ ಹೆಮ್ಮೆ. ಆಮೇಲೆ ಕೌಂಟರಿನ ನೆನಪಾಗಿ ಹೆಮ್ಮೆಯ ಅರ್ಧ ಇಳಿದುಹೋಯಿತು. "ಮ್ಯಾನೇಜರಿಗೆ ಏನು ಹೇಳ್ತೀಯೇ?"

"ನೀವು ಕೆಳಗೆ ಹೋಗಿ ಇಸ್ತ್ರಿ ನೋಡ್ಕೊಳ್ಳಿ. ನಾನು ಹೇಳ್ಕೊಳ್ತೀನಿ" ಅಂದಳು ಸೊಸೆ.

ಮ್ಯಾನೇಜರನ ಮುಂದೆ ನಿಂತು, ಕೇಬಲ್ಲಿನ ತುದಿ ತಪ್ಪು ಜಾಗದಲ್ಲಿ ಸೇರಿತ್ತೆಂದೂ, ತೆಗೆದಾಯಿತೆಂದೂ, ಇನ್ನು ಕೆಡುವುದಿಲ್ಲವೆಂದೂ ಹೇಳಿದಳು. ಮ್ಯಾನೇಜರು ಮುಚ್ಚಳ ತೆಗೆದ.

"ಸೇರಿಸಿದ್ದು ಯಾರು?"

"ನನ್ನ ಕೋಣೆ, ನನ್ನ ಕೇಬಲ್ಲು. ನಾನೇ ಅಂದ್ಕೊಳ್ಳಿ ಸರ್."

"ಅಂದ್ಕೊಂಡೆ." ಮುಚ್ಚಳ ಹಾಕಿದ. "ಆದರೆ ಯಜಮಾನರಿಗೆ ಏನು ಹೇಳಲಿ? ಕೆಡಿಸಿದ್ದೂ ಅವಳೇ, ಇಷ್ಟು ದಿನ ಹುಡುಕಿದ್ದೂ ಅವಳೇ ಅಂತಲಾ? ಅವರು ಕಂಪನಿಯವರನ್ನ ಕರೆಸೋದು ಬಿಡ್ತಾರಾ? ನೀನು ಸೋಮವಾರದಿಂದ ಕೌಂಟರ್..."

ಮಾತು ಮುಗಿಯುವ ಮೊದಲೇ ಗೋಡೆ ಗುಡುಗಿತು. ಅತ್ತೆ ಇಸ್ತ್ರಿ ನೋಡಿಕೊಳ್ಳಲು ಹೋಗಿರಲಿಲ್ಲ. ಬಾವಿಯ ತಳದಲ್ಲಿ ತಲೆಯೆತ್ತಿ ನಿಂತು ಕಿವಿಗೊಟ್ಟಿದ್ದಳು.

"ಮ್ಯಾನೇಜರೇ! ಕೇಳಿಸ್ತಾ? ಟೀವಿ ನಿಲ್ಲಿಸಿದ್ದು ನಾನು! ಅವಳದೇನೂ ಇಲ್ಲ! ಅವಳ ಸುದ್ದಿಗೆ ಹೋಗಿ ಕೌಂಟರು ಗಿಂಟರು ಅಂದ್ರೆ, ನಿಮ್ಮ ಪ್ಯಾಂಟಿಗೆಲ್ಲ ಎರಡೆರಡು ಗೆರೆ ಹಾಕಿ ಇಸ್ತ್ರಿ ಮಾಡಿ ಕಳಿಸ್ತೀನಿ! ಜೀವಮಾನ ಪೂರ್ತಿ ಎರಡು ಗೆರೆ ಹಾಕ್ಕೊಂಡು ಓಡಾಡಿ!"

ಆಮೇಲೆ ಮೂರನೇ ಮಹಡಿಯ ಬಾಗಿಲು ಕಿರ್ರೆಂದಿತು.

"ಮ್ಯಾನೇಜರೇ, ಹೇಗೂ ಮಾತು ಬಂತಲ್ಲ, ನನ್ನದೂ ಹೇಳಿಬಿಡ್ತೀನಿ. ಟೀವಿ ಪೆಟ್ಟಿಗೆ ಪ್ಲಗ್ಗು ಕಿತ್ತು ನನ್ನ ಮೊಬೈಲು ಚಾರ್ಜ್ ಹಾಕ್ತಿದ್ದೆ. ಯಾವಾಗಲೋ ಒಂದೊಂದ್ಸಲ."

"ಆ ರಿಮೋಟುಗಳ ಸೆಲ್ಲು," ಅಡುಗೆಮನೆಯಿಂದ ಸಣ್ಣ ದನಿ, "ಅಡುಗೆಮನೆ ಗಡಿಯಾರಕ್ಕೆ ಹೋಗಿದೆ."

"ವೈಫೈ ಪಾಸ್‌ವರ್ಡ್ ಎದುರಿನ ಅಂಗಡಿಯವರಿಗೆ ಹೇಳಿದ್ದು ನಾನೇ ಸರ್," ಕೌಂಟರಿನ ಹುಡುಗಿ. "ಅವರು ಪಾಪ, ಪೂರ್ತಿ ಬೀದಿಗೆ ಹೇಳಿದ್ದಾರೆ."

ಕೊನೆಗೆ ನಾಲ್ಕನೇ ಮಹಡಿಯಿಂದ ಯಾರಿಗೂ ಪರಿಚಯವಿಲ್ಲದ ಒಂದು ಗಂಡು ದನಿ ಅಳುಕುತ್ತ ಇಳಿಯಿತು: "ನಾನು ಗಿರಾಕಿ. ಎರಡು ಟವೆಲು ಬ್ಯಾಗಿಗೆ ಹಾಕ್ಕೊಂಡಿದ್ದೆ. ವಾಪಸ್ ಇಟ್ಟಿದ್ದೀನಿ."

ಮ್ಯಾನೇಜರು ತಲೆ ಹಿಡಿದುಕೊಂಡು ಕೂತ. ಪೆನ್ನು ಉರುಳಿ ಮೇಜಿನ ಕೆಳಗೆ ಹೋಯಿತು.

"ಕಂಪನಿಯವರು ಬಂದರೆ," ಸೊಸೆ ಮೆಲ್ಲಗೆ ಅಂದಳು, "ಪೆಟ್ಟಿಗೆ ಬದಲಾಯಿಸಿ ಹೋಗ್ತಾರೆ ಸರ್. ಇವರನ್ನೆಲ್ಲ ಬದಲಾಯಿಸಕ್ಕಾಗುತ್ತಾ?"

"ನನಗೆ ಕಣ್ಣಾರೆ ತೋರಿಸು," ಅಂದ ಮ್ಯಾನೇಜರು. "ಯಜಮಾನರು ಕೇಳಿದರೆ ನೋಡಿದೀನಿ ಅನ್ನಬೇಕು."

ಇಬ್ಬರೂ ಮೆಟ್ಟಿಲ ಕೆಳಗಿನ ಕೋಣೆಗೆ ಬಗ್ಗಿ ಹೋದರು. ಅತ್ತೆಯೂ ಬಂದಳು. ಕೌಂಟರಿನ ಟೀವಿ ಕಾಣುವಂತೆ ಬಾಗಿಲು ತೆರೆದಿಟ್ಟು, ಮ್ಯಾನೇಜರನೇ ನೀಲಿ ತುದಿ ಹಿಡಿದು ಖಾಲಿ ತೂತಿಗೆ ಚುಚ್ಚಿದ. ಟಕ್. ಪೆಟ್ಟಿಗೆಯ ಹಸಿರು ದೀಪಗಳೆಲ್ಲ ಹುಚ್ಚೆದ್ದು ಮಿಣುಗಿದವು. ಕ್ರಿಕೆಟ್ ಆಡುತ್ತಿದ್ದವನು ಬ್ಯಾಟು ಎತ್ತಿ ಕಂಬವಾದ. ತುದಿ ಎಳೆದ, ಬ್ಯಾಟು ಬೀಸಿತು. ಮ್ಯಾನೇಜರನ ಕಣ್ಣು ಅರಳಿತು. ಮತ್ತೆ ಚುಚ್ಚಿದ, ಮತ್ತೆ ಎಳೆದ. ಮನೆಯಲ್ಲಿ ಯಾರೂ ಅವನ ಮಾತಿಗೆ ನಿಲ್ಲುತ್ತಿರಲಿಲ್ಲ ಅಂತ ಕಾಣುತ್ತದೆ. ಇಲ್ಲಿ ನಾಲ್ಕು ಮಹಡಿ ಅವನ ಬೆರಳಿನ ತುದಿಗೆ ನಿಲ್ಲುತ್ತಿತ್ತು.

"ಸಾಕು ಸರ್," ಅಂದಳು ಸೊಸೆ.

"ಇನ್ನೊಂದೇ ಒಂದು ಸಲ ಕಣಮ್ಮ."

ಆ ಒಂದೇ ಒಂದು ಸಲದಲ್ಲೇ ಬಾಗಿಲಿಗೆ ಅಡ್ಡವಾಗಿ ಒಂದು ನೆರಳು ಬಿತ್ತು. ಸೀರಿಯಲ್ ತಾತ. ಒಂದು ಕಾಲಿಗೆ ಮಾತ್ರ ಚಪ್ಪಲಿ, ಕೈಯಲ್ಲಿ ರಿಮೋಟು. ಅವನು ಮ್ಯಾನೇಜರನ ಮುಖ ನೋಡಿದ, ಅವನ ಕೈಯಲ್ಲಿದ್ದ ಕೇಬಲ್ಲು ನೋಡಿದ.

"ಓಹೋ! ನೀವಾ! ಇಷ್ಟು ದಿನ ನನ್ನ ಸೀರಿಯಲ್ ನಿಲ್ಲಿಸ್ತಾ ಇದ್ದೋರು ನೀವಾ! ಪಾಪ ಆ ಹೆಣ್ಣುಮಗಳನ್ನ ಮೇಲೆ ಕೆಳಗೆ ಓಡಿಸ್ತಾ, ಇಲ್ಲಿ ಬಿಲ ಸೇರ್ಕೊಂಡು ಆಟ ಆಡ್ತಿದ್ದೀರಾ?"

"ಅಲ್ಲ ತಾತ, ನಾನು ಈಗಷ್ಟೇ..."

"ಈಗಷ್ಟೇ ಸಿಕ್ಕಿಬಿದ್ದಿರಿ!"

ಮ್ಯಾನೇಜರು ಅತ್ತೆಯ ಕಡೆ ನೋಡಿದ. ಅತ್ತೆ ಗೋಡೆಯ ಕಡೆ ನೋಡಿದಳು. ತಪ್ಪೊಪ್ಪಿಗೆ ಒಂದು ದಿನಕ್ಕೆ ಒಂದು ಸಲ ಸಾಕೆಂದು ಅವಳ ಲೆಕ್ಕ. ತಾತ ಬಾಗಿಲಿನಿಂದ ಅಲುಗಲಿಲ್ಲ, ಮ್ಯಾನೇಜರಿಗೆ ಹೊರಗೆ ಬರಲು ಬೇರೆ ದಾರಿಯಿಲ್ಲ. ಸೊಸೆ ಮುಂದೆ ಬಂದು, ತನ್ನ ಎಂದಿನ ಗಂಟುಮುಖದಲ್ಲೇ, "ತಾತ, ರಾತ್ರಿ ಮರುಪ್ರಸಾರ ಇದೆ. ಇನ್ನು ನಿಲ್ಲಲ್ಲ. ನಾನಿದ್ದೀನಿ" ಅಂದಳು. ನಗುವವರ ಮಾತನ್ನು ತಾತ ನಂಬುತ್ತಿರಲಿಲ್ಲವೇನೋ. ಆ ಮುಖ ನೋಡಿ ನಂಬಿದ. "ನೀನು ಇರ್ತೀಯ ಅಂದ್ರೆ ಸರಿ" ಎಂದು ರಿಮೋಟಿನಿಂದ ಮ್ಯಾನೇಜರನ ಕಡೆ ಒಮ್ಮೆ ಗುರಿಯಿಟ್ಟು ತೋರಿಸಿ, ಹೊರಟುಹೋದ.

ಮ್ಯಾನೇಜರು ಬೆವರು ಒರೆಸಿಕೊಂಡು ಅಲ್ಲಿಂದಲೇ ಯಜಮಾನರಿಗೆ ಫೋನು ಹಚ್ಚಿದ. "ಸರಿಹೋಯ್ತು ಸರ್. ಕಂಪನಿ ಬೇಡ ಸರ್. ಇಲ್ಲ ಸರ್, ಕೌಂಟರಿಗೂ ಬೇಡ. ಸೊಸೆ ಈ ಕೋಣೆಯಲ್ಲೇ ಇರಲಿ, ಬಾಗಿಲ ಹತ್ತಿರ."

ಮಂಗಳವಾರ ಮಧ್ಯಾಹ್ನ ಮೆಟ್ಟಿಲ ಕೆಳಗೆ ಎರಡು ಡಬ್ಬಿ ತೆರೆದವು. ಊಟದ ಹೊತ್ತಿಗೆ ಸೊಸೆ ಕೋಣೆಯಲ್ಲೇ ಇರಬೇಕೆಂಬುದು ಮ್ಯಾನೇಜರನ ಹೊಸ ಆಜ್ಞೆ. ನೀಲಿ ಕೇಬಲ್ಲು ಲ್ಯಾಪ್‌ಟಾಪಿಗೆ ಸೇರಿತ್ತು. ಕಪ್ಪು ಪರದೆಯ ಮೇಲೆ ಸಾಲಿನ ಮೇಲೆ ಸಾಲು ಇಳಿಯುತ್ತಿತ್ತು. ಅತ್ತೆ ತುತ್ತು ಅಗಿಯುತ್ತ ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

"ಇವತ್ತು ಎಷ್ಟು ಕಳೆದುಹೋಯ್ತು?"

"ಒಂದೂ ಇಲ್ಲ ಅತ್ತೆ."

"ನಿನ್ನೆ?"

"ನಿನ್ನೇನೂ ಇಲ್ಲ."

"ನಾಳೆ?"

"ನಾಳೇನೂ ಹೋಗಲ್ಲ."

ಅತ್ತೆ ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಕೇಳಿದಳು: "ಏನೂ ಕಳೆಯಲ್ಲ ಅಂದ್ಮೇಲೆ ನಿನಗೆ ಸಂಬಳ ಯಾಕೇ ಕೊಡ್ತಾರೆ?"

ಸೊಸೆ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದಳು.